ಪಿಸ್ತೂಲಿಗೊಂದು ಕಾರಣ

"ಕಳ್ಳ ಬಂದ್ರೆ ಏನ್ ಮಾಡ್ತೀರಿ?"

ನಾನು ಸಿಡ್ನಿಯಲ್ಲಿ ಪಿಸ್ತೂಲು ಕ್ಲಬ್ಬು ಸೇರಿದ ಮೇಲೆ ಈ ಪ್ರಶ್ನೆ ಕೇಳದ ಕನ್ನಡಿಗರು ಯಾರಾದರೂ ಇದ್ದರೆ ಅವರಿನ್ನೂ ಬೆಂಗಳೂರಿನಲ್ಲಿ ವಿಮಾನ ಹತ್ತಿರಲಿಲ್ಲ ಎಂದೇ ಅರ್ಥ. ಸತ್ಯನಾರಾಯಣ ಪೂಜೆಯಲ್ಲಿ ಕೇಳಿದರು. ನಾಮಕರಣದಲ್ಲಿ ಕೇಳಿದರು. ಯುಗಾದಿ ಊಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ ಬೆನ್ನ ಹಿಂದಿನಿಂದ ಕೇಳಿದರು. "ಪೊಲೀಸಿಗೆ ಫೋನ್ ಮಾಡ್ತೀನಿ" ಎಂದರೆ ಎಲ್ಲರೂ ನಗುತ್ತಿದ್ದರು. ನಾನೇನೂ ತಮಾಷೆ ಮಾಡುತ್ತಿರಲಿಲ್ಲ. ಪಿಸ್ತೂಲು ಇದ್ದದ್ದು ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಉಕ್ಕಿನ ಪೆಟ್ಟಿಗೆಯಲ್ಲಿ, ಗುಂಡುಗಳು ಇನ್ನೊಂದು ಪೆಟ್ಟಿಗೆಯಲ್ಲಿ, ಎರಡಕ್ಕೂ ಬೇರೆ ಬೇರೆ ಬೀಗ. ಇಲ್ಲಿಯ ಕಾನೂನೇ ಹಾಗೆ. ಕಳ್ಳ ಬಂದರೆ ಅವನನ್ನು ಸೋಫಾ ಮೇಲೆ ಕೂರಿಸಿ ಕಾಫಿ ಕೊಟ್ಟು, "ಸ್ವಲ್ಪ ಇರಪ್ಪಾ, ಬೀಗದಕೈ ಹುಡುಕ್ತಾ ಇದ್ದೀನಿ" ಎನ್ನಬೇಕಿತ್ತು ಅಷ್ಟೆ.

ನಾವು ಸಿಡ್ನಿಯ ಹೊರವಲಯದ ಕ್ವೇಕರ್ಸ್ ಹಿಲ್‌ನಲ್ಲಿ ಮನೆ ಕೊಂಡದ್ದು ಎಂಬತ್ತರ ದಶಕದ ಕೊನೆಗೆ. ನನ್ನ ಗಂಡ ಕೌನ್ಸಿಲ್‌ನಲ್ಲಿ ಸಿವಿಲ್ ಎಂಜಿನಿಯರ್. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಪೆಥಾಲಜಿ ಡಾಕ್ಟರು. ದಿನವೆಲ್ಲ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಇನ್ನೊಬ್ಬರ ದೇಹದ ಕೆಟ್ಟ ಸುದ್ದಿ ಹುಡುಕುವ ಕೆಲಸ. ಜೊತೆಯ ಕೆಲಸಗಾರ್ತಿಯೊಬ್ಬಳು ಒಂದು ಶನಿವಾರ ಬಲವಂತ ಮಾಡಿ ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಆಗ ಮಾರ್ಸ್ಡನ್ ಪಾರ್ಕ್ ದಾಟಿದರೆ ಬರೀ ಹುಲ್ಲು, ಕುದುರೆ, ಮುಳ್ಳುತಂತಿ. ಆ ಹುಲ್ಲಿನ ನಡುವೆ ಒಂದು ತಗಡಿನ ಶೆಡ್ಡು, ಮಣ್ಣಿನ ದಿಬ್ಬ, ಅದರ ಮುಂದೆ ಸಾಲಾಗಿ ಕಾಗದದ ಗುರಿಗಳು. ಕಲಿಸುತ್ತಿದ್ದವಳು ರಿಟೈರಾದ ಹೆಡ್‌ಮಿಸ್ಟ್ರೆಸ್. ಆಕೆ ಮೊದಲ ದಿನ ನನ್ನ ಕೈಗೆ ಪಿಸ್ತೂಲು ಕೊಡಲೇ ಇಲ್ಲ. ತೋಳು ಚಾಚಿ ಸುಮ್ಮನೆ ನಿಂತಿರು ಎಂದಳು. ನಿಂತೆ. ಇನ್ನೂ ನಿಂತಿರು ಎಂದಳು.

ಅದರಲ್ಲಿ ನನಗೇನು ಸಿಕ್ಕಿತು ಎಂದು ಹೇಳಲು ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಎಡಗೈ ಜೇಬಿನಲ್ಲಿ, ಬಲಗೈ ನೇರ. ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಲೋಹದ ಹಲ್ಲು ಇರುತ್ತದೆ. ಕಣ್ಣು ನೋಡಬೇಕಾದದ್ದು ಆ ಹಲ್ಲನ್ನು, ಗುರಿಯನ್ನಲ್ಲ. ಗುರಿ ಮಸುಕಾಗಿಯೇ ಇರಬೇಕು. ಉಸಿರು ಅರ್ಧ ಬಿಟ್ಟು ಹಿಡಿದು ಬೆರಳನ್ನು ನಿಧಾನವಾಗಿ ಒತ್ತುತ್ತಾ ಹೋದರೆ, ಗುಂಡು ಹಾರಿದ್ದು ನಮಗೇ ಆಶ್ಚರ್ಯವಾಗುವ ಹಾಗೆ ಹಾರುತ್ತದೆ. ಮನಸ್ಸು ಸರಿಯಿಲ್ಲ ಅನ್ನಿಸಿದರೆ ಕೈ ಇಳಿಸಿ ಮತ್ತೆ ಶುರು ಮಾಡಬಹುದು. ಯಾರೂ ಬೈಯುವುದಿಲ್ಲ. ಅಲ್ಲಿ ಬಾಯಿಗೆ ಬಂದ ಮಾತನ್ನು ನುಂಗಬೇಕಿಲ್ಲ, ಒಲೆ ಮೇಲಿನ ಹಾಲು ಉಕ್ಕೀತೆಂಬ ಚಿಂತೆಯಿಲ್ಲ. ವಾರದಲ್ಲಿ ಆ ಒಂದು ಮಧ್ಯಾಹ್ನ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ನನಗೆ ಬಹಳ ಖುಷಿಯಾಗುತ್ತಿತ್ತು. ಇಷ್ಟೇ.

ಈ "ಇಷ್ಟೇ" ನನ್ನ ಗಂಡನಿಗೆ ಸಾಲುತ್ತಿರಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಸೇತುವೆ ಕಟ್ಟುವವರು. ಲಾರಿ ಹತ್ತು ಟನ್ನಿದ್ದರೆ ಸೇತುವೆ ಇಪ್ಪತ್ತು ಟನ್ ತಡೆಯಬೇಕು ಎನ್ನುವ ಲೆಕ್ಕ ಅವರದು. ಅಡುಗೆಮನೆಯಲ್ಲಿ ಒಂದು ಸೌಟು ಯಾತಕ್ಕೂ ಬಳಕೆಯಾಗದೆ ತೂಗುತ್ತಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಹೆಂಡತಿ ಒಂದು ಪಿಸ್ತೂಲಿಟ್ಟುಕೊಂಡು ವಾರವಾರ ಹೋಗಿ ಕಾಗದಕ್ಕೆ ತೂತು ಮಾಡಿ ಬರುತ್ತಾಳೆ ಎನ್ನುವುದನ್ನು ಅವರು ನಾಲ್ಕು ಜನರ ಎದುರು ಹೇಗೆ ಹೇಳಿಯಾರು? "ಸೆಲ್ಫ್ ಡಿಫೆನ್ಸ್‌ಗೆ ಕಲೀತಾ ಇದ್ದಾಳೆ" ಎಂದು ಶುರುಹಚ್ಚಿಕೊಂಡರು. ಹಾಗೆ ಹೇಳಬೇಡಿ, ಈ ದೇಶದಲ್ಲಿ ಆತ್ಮರಕ್ಷಣೆಗೆ ಎಂದರೆ ಲೈಸೆನ್ಸೇ ಕೊಡುವುದಿಲ್ಲ, ಕೊಟ್ಟಿದ್ದನ್ನೂ ಕಿತ್ತುಕೊಳ್ಳುತ್ತಾರೆ, ಆಟಕ್ಕೆ ಎಂದರೆ ಮಾತ್ರ ಕೊಡುವುದು ಎಂದು ನಾನು ಬಾಯಿ ಬಡಿದುಕೊಂಡೆ. "ಆಯ್ತು, ಆಯ್ತು, ನಮ್ಮೋರ ಹತ್ರ ತಾನೇ ಹೇಳಿದ್ದು" ಎನ್ನುವರು.

ಹೀಗಿರುವಾಗ ತೊಂಬತ್ತೊಂದರ ಚಳಿಗಾಲದಲ್ಲಿ ಒಂದು ಸಂಜೆ ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಒಬ್ಬ ನನ್ನ ಹಿಂದೆ ಬಿದ್ದ. ಕುಡಿದಿದ್ದ. ನಾನು ಬೇಗ ನಡೆದರೆ ಅವನೂ ಬೇಗ ನಡೆದ. ನಾನು ಕಾರಿನೊಳಗೆ ಕೂತು ಲಾಕ್ ಮಾಡಿಕೊಂಡೆ. ಅವನು ಕಿಟಕಿ ಬಡಿದು, ನಮ್ಮ ಮೈಬಣ್ಣದ ಬಗ್ಗೆ ಏನೋ ಕೂಗಿ ಹೋದ. ನಡೆದದ್ದು ಅಷ್ಟು. ಊಟಕ್ಕೆ ಕೂತಾಗ ಹೇಳಿದೆ. ಹೇಳಬಾರದಿತ್ತು.

"ಇಷ್ಟು ವರ್ಷ ಪ್ರಾಕ್ಟೀಸ್ ಮಾಡಿ ಏನ್ ಬಂತು?" ಎಂದರು ಗಂಡ. ಅವರ ಮುಖ ಬಿಳಿಚಿಕೊಂಡಿತ್ತು. "ಒಬ್ಬ ಕುಡುಕನ್ನ ಓಡ್ಸಕ್ಕಾಗ್ಲಿಲ್ಲ."

"ನಾನೇನು ಪಿಸ್ತೂಲು ಹ್ಯಾಂಡ್‌ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತೀನಾ? ಹಾಗೆ ಮಾಡಿದ್ರೆ ಜೈಲಿಗೆ ಹಾಕ್ತಾರೆ ಕಣ್ರೀ."

"ಅದಕ್ಕೇ ಹೇಳ್ತಿರೋದು. ನಿಮ್ಮ ಕ್ಲಬ್ಬಲ್ಲೇ ಆ ಕಡೆ ಬೇರೆ ಥರ ಮಾಡ್ತಾರಲ್ಲ, ಓಡಾಡ್ಕೊಂಡು. ಅದನ್ನಾದ್ರೂ ಕಲಿ. ಶನಿವಾರ ಪೂರ್ತಿ ಮನೆ ಬಿಟ್ಟು ಹೋಗ್ತೀಯ, ಅದಕ್ಕೊಂದು ಅರ್ಥ ಬೇಡ್ವಾ?"

"ನನಗೆ ಇಷ್ಟ ಕಣ್ರೀ ಅದು."

"ಇಷ್ಟ ಅನ್ನೋದು ಒಂದು ಕಾರಣನಾ?"

ಅವರು ಹೆದರಿದ್ದರು. ಅದು ನನಗೆ ಗೊತ್ತಾಗುತ್ತಿತ್ತು, ಅದಕ್ಕೇ ಜೋರಾಗಿ ಜಗಳವಾಡಲು ಆಗಲಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ಮೆಲ್ಬರ್ನ್‌ನಲ್ಲಿ ಪ್ರತಿವರ್ಷ ರಾಜ್ಯ ರಾಜ್ಯಗಳ ನಡುವೆ ಪಂದ್ಯ ನಡೆಯುತ್ತಿತ್ತು. ನಮ್ಮ ರಾಜ್ಯದ ತಂಡಕ್ಕೆ ನನ್ನನ್ನು ಆರಿಸಿದರೂ ಆರಿಸಬಹುದು ಎಂದು ಹೆಡ್‌ಮಿಸ್ಟ್ರೆಸ್ ಸುಳಿವು ಕೊಟ್ಟಿದ್ದಳು. ಜೀವನದಲ್ಲಿ ಕ್ಲಾಸಿಗೆ ಫಸ್ಟ್ ಬಂದವಳೇ ಹೊರತು ಆಟವೊಂದರಲ್ಲಿ ಯಾರೂ ನನ್ನನ್ನು ಆರಿಸಿರಲಿಲ್ಲ. ಆ ಜಾಗ ನನಗೆ ಬೇಕಿತ್ತು. ಶನಿವಾರ ಉಳಿದರೆ ತಾನೇ ಆ ಜಾಗ? ಅರ್ಧ ದಿನ ನನ್ನ ಅಭ್ಯಾಸ, ಅರ್ಧ ದಿನ ಅವರು ಹೇಳಿದ್ದು ಎಂದು ರಾಜಿಯಾದೆವು.

ಶೆಡ್ಡಿನ ಆಚೆ ಬದಿಗೆ "ಪ್ರಾಕ್ಟಿಕಲ್" ಗುಂಪು. ಅಲ್ಲಿ ಎಲ್ಲವೂ ತದ್ವಿರುದ್ಧ. ಎರಡೂ ಕೈಯಲ್ಲಿ ಹಿಡಿಯಬೇಕು. ಕ್ಲಬ್ಬಿನ ದೊಡ್ಡ ಪಿಸ್ತೂಲನ್ನು ಸೊಂಟದ ಚೀಲದಲ್ಲಿಟ್ಟುಕೊಂಡು ನಿಂತಿರಬೇಕು. ಬಝರ್ ಕೂಗಿದ ತಕ್ಷಣ ಎಳೆದು, ಓಡಿ, ಹಲಗೆಯ ಮರೆಯಲ್ಲಿ ಬಗ್ಗಿ, ಮನುಷ್ಯನ ಎದೆಯ ಆಕಾರದ ರಟ್ಟುಗಳಿಗೆ ಎರಡೆರಡು ಗುಂಡು ಹೊಡೆಯಬೇಕು. ನಡುನಡುವೆ ಬಿಳಿ ರಟ್ಟುಗಳು. ಅವು ಪಾಪದವರು, ಅವಕ್ಕೆ ಹೊಡೆದರೆ ದಂಡ. ಮೊದಲ ತಿಂಗಳು ನಾನು ಹೊಡೆದ ಪಾಪದವರಿಗೆ ಲೆಕ್ಕವಿಲ್ಲ.

ಅಲ್ಲಿಯ ಗಂಡಸರ ಮಾತು ಕೇಳಬೇಕಿತ್ತು. ತಮ್ಮತಮ್ಮಲ್ಲಿ ಮಾತಾಡುವಾಗ ಎಲ್ಲವೂ "ಅಪಾಯ", "ಎದುರಾಳಿ", "ಮನೆಗೆ ನುಗ್ಗಿದವನು". ಹೊರಗಿನವರು ಯಾರಾದರೂ ಬಂದರೆ ತಟಕ್ಕನೆ "ಇದು ಬರೀ ಆಟ ಸ್ವಾಮಿ". ನಮ್ಮ ಬದಿಯ ಕಾಗದದ ಗುರಿಯವರೂ ಕಡಿಮೆಯೇನಲ್ಲ. ಆ ಕಡೆಯವರಿಂದ ನಮ್ಮ ಹೆಸರು ಕೆಡುತ್ತದೆ ಎಂದು ಟೀ ಕಪ್ಪು ಹಿಡಿದು ಮೂಗು ಮುರಿಯುವರು. ಮೀಟಿಂಗಿನಲ್ಲಿ ಒಂದು ಸಲ ರಟ್ಟಿಗೆ ತಲೆಯ ಆಕಾರ ಇರಬೇಕೋ ಬೇಡವೋ ಎಂದು ಇಡೀ ಮಧ್ಯಾಹ್ನ ಕಚ್ಚಾಡಿದರು. ನಾನು ಎರಡೂ ಬದಿಗೆ ಸೇರಿದವಳಾದ್ದರಿಂದ ಎರಡೂ ಬದಿಯವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು. ನಮ್ಮ ಕನ್ನಡ ಸಂಘದ ಮೈಸೂರು ಬೆಂಗಳೂರು ಜಗಳವೇ ವಾಸಿ ಅನ್ನಿಸಿತು.

ಇನ್ನು ಆತ್ಮರಕ್ಷಣೆಯ ಮಾತಿಗೆ ಬಂದರೆ, ಅಲ್ಲಿ ಪ್ರತಿ ಸುತ್ತಿಗೂ ಮುಂಚೆ ನಮ್ಮನ್ನು ಆ ಜಾಗದಲ್ಲಿ ಓಡಾಡಲು ಬಿಡುತ್ತಾರೆ. ಯಾವ ರಟ್ಟು ಎಲ್ಲಿದೆ, ಎಲ್ಲಿ ನಿಲ್ಲಬೇಕು, ಎಲ್ಲಿ ಗುಂಡು ತುಂಬಬೇಕು, ಎಲ್ಲ ನೋಡಿಕೊಂಡು ಬರಬಹುದು. ಮನೆಗೆ ನುಗ್ಗುವ ಯಾವ ಕಳ್ಳ ಈ ಸೌಲಭ್ಯ ಕೊಡುತ್ತಾನೆ? ಗಂಡನಿಗೆ ಇದನ್ನು ವಿವರಿಸಿದೆ. "ಬೇಸಿಕ್ಸ್ ಬರುತ್ತಲ್ಲ" ಎಂದರು. ತಲೆ ಚಿಟ್ಟು ಹಿಡಿಯಿತು.

ನಿಜವಾದ ನಷ್ಟವಾದದ್ದು ನನ್ನ ಬೆರಳಿಗೆ. ಆ ಕಡೆ ಎರಡು ವರ್ಷ ಬಝರಿಗೆ ಕುಣಿದ ಮೇಲೆ ಈ ಕಡೆ ಬಂದು ನಿಂತರೆ ಬೆರಳು ಕಾಯಲು ಒಪ್ಪುತ್ತಿರಲಿಲ್ಲ. ನಿಧಾನವಾಗಿ ಒತ್ತಬೇಕಾದದ್ದನ್ನು ಎಳೆದುಬಿಡುತ್ತಿತ್ತು. ಹೆಡ್‌ಮಿಸ್ಟ್ರೆಸ್ ನನ್ನ ಹಿಂದೆ ನಿಂತು, ನೀನು ಯಾರಿಂದಲೋ ಕಿತ್ತುಕೊಳ್ಳುವವಳ ಹಾಗೆ ಹೊಡೆಯುತ್ತಿದ್ದೀಯ, ಎರಡರಲ್ಲಿ ಒಂದನ್ನು ಬಿಡು ಎಂದಳು. ಆ ಕಡೆಯ ತರಬೇತುದಾರ, ನೀನು ಕನಸು ಕಾಣುವವಳ ಹಾಗೆ ಹೊಡೆಯುತ್ತಿದ್ದೀಯ, ಒಂದನ್ನು ಬಿಡು ಎಂದ. ಮನೆಯಲ್ಲಿ ಯಾವುದನ್ನು ಬಿಟ್ಟರೂ ರಂಪ. ಲ್ಯಾಬಿನ ಊಟದ ಬಿಡುವಿನಲ್ಲಿ ಖಾಲಿ ಕೈ ಚಾಚಿ ನಿಂತು ಅಭ್ಯಾಸ ಮಾಡಿದೆ. ಹೇಗೋ ಹಲ್ಲು ಕಚ್ಚಿಕೊಂಡು ತೊಂಬತ್ತಮೂರರಲ್ಲಿ ತಂಡದ ಕೊನೆಯ ಜಾಗ ಗಿಟ್ಟಿಸಿದೆ. ಮೆಲ್ಬರ್ನ್ ಪಂದ್ಯ ಅಕ್ಟೋಬರ್‌ನಲ್ಲಿ, ಆಯುಧಪೂಜೆ ಆಗಿ ಎರಡೇ ದಿನಕ್ಕೆ.

ಆಯುಧಪೂಜೆ! ನಮ್ಮಲ್ಲಿ ಆವತ್ತು ಕಾರಿಗೆ, ಮಿಕ್ಸಿಗೆ, ಹೊಲಿಗೆ ಮೆಷಿನ್ನಿಗೆ, ಹುಲ್ಲು ಕತ್ತರಿಸುವ ಮೆಷಿನ್ನಿಗೂ ಅರಿಶಿನ ಕುಂಕುಮ. ಪಿಸ್ತೂಲನ್ನು ಮಾತ್ರ ನಾನು ಯಾವತ್ತೂ ಹೊರಗೆ ತೆಗೆದಿರಲಿಲ್ಲ. ಆ ವರ್ಷ ಗಂಡ ಹಿಡಿದ ಹಟ ಬಿಡಲಿಲ್ಲ.

"ಸ್ಕ್ರೂಡ್ರೈವರ್‌ಗೂ ಪೂಜೆ ಮಾಡ್ತೀವಿ. ಮನೇಲಿ ನಿಜವಾದ ಆಯುಧ ಅಂತ ಇರೋದು ಒಂದೇ ಒಂದು, ಅದನ್ನ ಬೀಗ ಹಾಕಿಟ್ಟಿದ್ದೀಯಲ್ಲೇ! ಮೆಲ್ಬರ್ನ್‌ಗೆ ಬೇರೆ ಹೋಗ್ತಿದ್ದೀಯ. ಒಳ್ಳೇದಾಗ್ಲಿ ಅಂತ ತಾನೇ?"

ಕೊನೆಗೆ ಪೆಟ್ಟಿಗೆಯ ಬೀಗ ತೆಗೆದೆ. ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ತೆರೆದ ಸ್ಥಿತಿಯಲ್ಲೇ, ದೇವರ ಮುಂದೆ ರೇಷ್ಮೆ ವಸ್ತ್ರದ ಮೇಲಿಟ್ಟೆ. ನಾನು ಪಕ್ಕ ಬಿಟ್ಟು ಅಲುಗಾಡುವುದಿಲ್ಲ, ಯಾರೂ ಮುಟ್ಟಬಾರದು ಎಂದು ಷರತ್ತು ಹಾಕಿದೆ. ಕುಂಕುಮವನ್ನು ಮರದ ಹಿಡಿಗೆ ಮಾತ್ರ ಇಟ್ಟೆ. ಮಂಗಳಾರತಿ ಆಯಿತು. ಬಂದಿದ್ದವರೆಲ್ಲ ಭಕ್ತಿಯಿಂದ ಹಿಡಿಹಿಡಿ ಅಕ್ಷತೆ ಎರಚಿದರು. ಕೇಸರಿಬಾತು ಹಂಚಲು ತಿರುಗಿದೆನೋ ಇಲ್ಲವೋ, ಸಂಘದ ಹಿರಿಯರೊಬ್ಬರು, ಎಲ್ಲ ಬಲ್ಲವರು, ಪಿಸ್ತೂಲನ್ನು ಎತ್ತಿಕೊಂಡು ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದಿದ್ದರು. ಕ್ಯಾಲೆಂಡರಿನ ಕೆಳಗೆ ಮೂರು ಜನ ಹೆಂಗಸರು ಕೂತಿದ್ದರು.

"ಕೆಳಗಿಡಿ!" ಎಂದು ಕಿರುಚಿದೆ. ನನ್ನ ಗಂಟಲಿನಲ್ಲಿ ಅಂಥ ಧ್ವನಿ ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಖಾಲಿ ತಾನೇ ಅಮ್ಮಾ?" ಎಂದರು ಹಿರಿಯರು, ನಗುತ್ತಲೇ.

"ಖಾಲಿ ಇದ್ರೂ ಜನರ ಕಡೆ ತಿರುಗಿಸಬಾರದು ಸಾರ್! ಲೈಸೆನ್ಸ್ ಇಲ್ಲದೋರು ಮುಟ್ಟೋ ಹಾಗೇ ಇಲ್ಲ. ನನ್ನ ಲೈಸೆನ್ಸ್ ಹೋಗುತ್ತೆ!"

ಅವರು ಇಟ್ಟರು. ಕೇಸರಿಬಾತು ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ಎಲ್ಲರೂ ಹೋದ ಮೇಲೆ ಗಂಡ ಅಂದದ್ದು, "ದೊಡ್ಡೋರಿಗೆ ಹಾಗೆ ಕೂಗ್ತಾರಾ? ನಿನಗೆ ಸ್ವಲ್ಪ ಜಂಬ ಬಂದಿದೆ ಕಣೇ." ಮೈಯೆಲ್ಲ ಉರಿಯಿತು. ಅದೇ ಸಿಟ್ಟಿನಲ್ಲಿ ಪಿಸ್ತೂಲಿನ ಕುಂಕುಮ ಒರೆಸಿ, ನಳಿಗೆಯೊಳಗೆ ಬಟ್ಟೆ ತೂರಿಸಿ ಸ್ವಚ್ಛ ಮಾಡಿ, ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

ಮೆಲ್ಬರ್ನ್‌ನಲ್ಲಿ ಆವತ್ತು ಗಾಳಿ, ಬಿಸಿಲು, ಹನಿಮಳೆ ಎಲ್ಲವೂ ಒಂದೇ ಬೆಳಿಗ್ಗೆ. ನಿಧಾನದ ಸುತ್ತು ಚೆನ್ನಾಗಿ ಹೋಯಿತು. ಎಷ್ಟು ಚೆನ್ನಾಗಿ ಎಂದರೆ, ಬಹಳ ದಿನಗಳ ಮೇಲೆ ನನ್ನ ಹಳೆಯ ಬೆರಳು ನನಗೆ ಸಿಕ್ಕಿತ್ತು. ಗುಂಡು ಹಾರಿದಾಗೆಲ್ಲ ಆಶ್ಚರ್ಯವಾಗುತ್ತಿತ್ತು. ಹಿಂದೆ ನಿಂತಿದ್ದ ಹೆಡ್‌ಮಿಸ್ಟ್ರೆಸ್ ಒಂದು ಮಾತೂ ಆಡಲಿಲ್ಲ. ಆಕೆ ಸುಮ್ಮನಿದ್ದರೆ ಅದೇ ಶಾಭಾಸ್. ಆಮೇಲೆ ವೇಗದ ಸುತ್ತು ಬಂತು, ಅದರಲ್ಲಿ ಗುರಿ ಕೆಲವೇ ಸೆಕೆಂಡು ನಮ್ಮ ಕಡೆ ತಿರುಗಿ ಮತ್ತೆ ಮರೆಯಾಗುತ್ತದೆ. ಗುರಿ ತಿರುಗಿತು, ಕೈ ಎತ್ತಿದೆ, ಒತ್ತಿದೆ. ಏನೂ ಆಗಲಿಲ್ಲ. ಬೆರಳು ಅರ್ಧ ದಾರಿಗೆ ಹೋಗಿ ಗೋಡೆಗೆ ಹೊಡೆದ ಹಾಗೆ ನಿಂತಿತು. ಮತ್ತೆ ಒತ್ತಿದೆ. ಗುರಿ ಮುಖ ತಿರುಗಿಸಿಕೊಂಡಿತು.

ಕೈ ಎತ್ತಿ ಅಂಪೈರನ್ನು ಕರೆದೆ. ಆತ ಬಂದು ಗುಂಡು ಇಳಿಸಿ, ಟಾರ್ಚ್ ಬೆಳಕು ಬಿಟ್ಟು ನೋಡಿ, ಚಿಮಟದಿಂದ ಟ್ರಿಗ್ಗರಿನ ಹಿಂದಿನಿಂದ ಏನನ್ನೋ ಎಳೆದು ತನ್ನ ಅಂಗೈ ಮೇಲಿಟ್ಟುಕೊಂಡ. ಹಳದಿ ಬಣ್ಣದ ಒಂದು ಅಕ್ಕಿಕಾಳು. ಹಿಡಿಯ ಸಂದಿನಲ್ಲೆಲ್ಲೋ ಕೂತಿದ್ದದ್ದು ನಿಧಾನದ ಸುತ್ತಿನ ಅದುರಿಗೆ ಜಾರಿ ಸರಿಯಾಗಿ ಅಲ್ಲಿಗೇ ಬಂದು ಸೇರಿತ್ತು. ಇದೇನು ಎಂದು ಕೇಳಿದ. ಅಕ್ಕಿ ಎಂದೆ. ಅಕ್ಕಿ ಎಂದು ಗೊತ್ತಾಗುತ್ತದೆ, ಆದರೆ ಪಿಸ್ತೂಲಿನಲ್ಲಿ ಅಕ್ಕಿ ಯಾಕೆ ಎಂದ. ಆಶೀರ್ವಾದ ಎಂದೆ. ಇನ್ನೇನು ಹೇಳಲಿ? ಆತ ನಗಲಿಲ್ಲ, ಪಾಪ, ಬಹಳ ಮರ್ಯಾದೆಯಿಂದ ನಿಯಮ ವಿವರಿಸಿದ. ಪಿಸ್ತೂಲು ತಾನಾಗಿ ಕೆಟ್ಟಿದ್ದರೆ ಆ ಸುತ್ತನ್ನು ಮತ್ತೆ ಹೊಡೆಯಲು ಬಿಡುತ್ತಿದ್ದೆವು, ಹೊರಗಿನ ವಸ್ತು ಸೇರಿಸಿಕೊಂಡು ಬಂದರೆ ಅದು ಸ್ಪರ್ಧಿಯ ತಪ್ಪು. ಆ ಸುತ್ತಿಗೆ ಸೊನ್ನೆ. ನಮ್ಮ ತಂಡ ಪದಕ ಕಳೆದುಕೊಂಡದ್ದು ಆ ಸೊನ್ನೆಯಿಂದ. ಮುಂದೆ ಯಾವ ವರ್ಷವೂ ನನ್ನನ್ನು ತಂಡಕ್ಕೆ ಕರೆಯಲಿಲ್ಲ.

ಟೆಲಿಫೋನ್ ಬೂತಿನಿಂದ ಮನೆಗೆ ಫೋನ್ ಮಾಡಿ ಅತ್ತೆ. ಗಂಡ ಎಲ್ಲ ಕೇಳಿಸಿಕೊಂಡರು. ಆಮೇಲೆ, "ಇನ್ನೇನೋ ದೊಡ್ಡ ಅನಾಹುತ ಆಗೋದಿತ್ತೇನೋ, ಅಕ್ಷತೆ ಬಿದ್ದಿದ್ದಕ್ಕೆ ಇಷ್ಟಕ್ಕೇ ಹೋಯ್ತು ಅಂದ್ಕೋ" ಎಂದರು. ನಾನು ಫೋನ್ ಇಟ್ಟೆ.

ಸಿಡ್ನಿಗೆ ಬಂದವಳೇ ಬಝರಿನ ಕಡೆಯದನ್ನು ಬಿಟ್ಟುಬಿಟ್ಟೆ. ಜಗಳವಾಗಲಿ ಎಂದು ಕಾದೆ, ಆಗಲಿಲ್ಲ. ಅಕ್ಕಿಕಾಳಿನ ವಿಷಯದಲ್ಲಿ ಅವರಿಗೂ ಒಳಗೊಳಗೇ ನೋವಾಗಿತ್ತೋ ಏನೋ, ಕೇಳಿದರೆ ಹೇಳುವವರಲ್ಲ. ತಂಡವಿಲ್ಲ, ಪದಕವಿಲ್ಲ, ಆದರೂ ಶನಿವಾರ ಬಂದರೆ ಕಾರು ತೆಗೆಯುತ್ತಿದ್ದೆ. ನನಗೆ ಉಳಿದದ್ದು ಕಾಗದ, ತೋಳು, ಅರ್ಧ ಬಿಟ್ಟ ಉಸಿರು. ಅದೇ ಬೇಕಾದಷ್ಟಾಗಿತ್ತು.

ತೊಂಬತ್ತಾರರಲ್ಲಿ ಒಬ್ಬ ಗುಂಡಿಕ್ಕಿ ಮೂವತ್ತೈದು ಜನರನ್ನು ಕೊಂದ ನಂತರ ದೇಶದಲ್ಲಿ ಬಂದೂಕಿನ ಕಾನೂನು ಬಿಗಿಯಾಯಿತು. ಆಗಬೇಕಾದ್ದೇ, ಅದರಲ್ಲಿ ನನಗೆ ತಕರಾರಿಲ್ಲ. ಪಿಸ್ತೂಲು ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು, ಆತ್ಮರಕ್ಷಣೆ ಎನ್ನುವುದು ಕಾರಣವೇ ಅಲ್ಲ ಎಂದು ಈಗ ಕಾನೂನಿನಲ್ಲೇ ಖಡಾಖಂಡಿತವಾಗಿ ಬರೆದರು. ಮನೆಮನೆಗೆ ಬಂದು ಪೆಟ್ಟಿಗೆ ನೋಡುವ ಪದ್ಧತಿಯೂ ಬಿಗಿಯಾಯಿತು. ನಮ್ಮ ಮನೆಗೆ ಬಂದವಳು ಒಬ್ಬಳು ಯುವ ಕಾನ್ಸ್‌ಟೇಬಲ್. ಅವಳು ಬರುವ ಹಿಂದಿನ ದಿನ ಗಂಡನನ್ನು ಕೂರಿಸಿ ಹೇಳಿದೆ: ನೀವು ಮಾತಾಡಬೇಡಿ, ಅವಳು ಒಂದು ಮಾತು ಬರೆದುಕೊಂಡು ಹೋದರೆ ನನ್ನ ಲೈಸೆನ್ಸು ಹೋಗುತ್ತದೆ, ಲೈಸೆನ್ಸು ಹೋದರೆ ನನಗೆ ಇನ್ನೇನೂ ಇಲ್ಲ. "ನಾನ್ಯಾಕೆ ಮಾತಾಡ್ಲಿ?" ಎಂದರು.

ಮಾತಾಡದೆ ಇರಲು ಅವರಿಗೆ ಎಲ್ಲಿ ಬರುತ್ತದೆ? ಮನೆಗೆ ಬಂದವರು ಪೊಲೀಸರಾದರೂ ಅತಿಥಿಯೇ. ಕಾಫಿ ಕೊಟ್ಟರು, ಚಕ್ಕುಲಿ ಕೊಟ್ಟರು. ಪೆಟ್ಟಿಗೆಯ ಬೋಲ್ಟುಗಳನ್ನು ತಾವೇ ಹಾಕಿದ್ದು, ಒಂದು ಆನೆ ಕಟ್ಟಿ ಎಳೆದರೂ ಬರುವುದಿಲ್ಲ ಎಂದು ತೋರಿಸಿದರು. ಅವಳು ಎಳೆದು ನೋಡಿದಳು, ಮೆಚ್ಚಿದಳು. ಚಕ್ಕುಲಿ ಕಡಿಯುತ್ತಾ, ಪ್ರಶ್ನೆಯೇ ಅಲ್ಲವೆಂಬಂತೆ, ಅಂದ ಹಾಗೆ ಮನೆಯಲ್ಲಿ ಇದು ಯಾತಕ್ಕೆ ಎಂದಳು.

"ಪ್ರೊಟೆಕ್ಷನ್, ಆಫೀಸರ್," ಎಂದರು ನನ್ನ ಗಂಡ, ಎದೆಯುಬ್ಬಿಸಿ. "ಫಾರ್ ಮೈ ವೈಫ್ಸ್ ಸೇಫ್ಟಿ."

ಅವಳು ಚಕ್ಕುಲಿಯನ್ನು ತಟ್ಟೆಗೆ ವಾಪಸು ಇಟ್ಟಳು. ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದು ನನ್ನನ್ನು ತಡೆದು, ಅವರ ಕಡೆಗೇ ತಿರುಗಿದಳು. ನೀವು ಈಗ ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಇಟ್ಟುಕೊಳ್ಳೋಣ, ಇನ್ನೊಂದು ಸಲ ಕೇಳುತ್ತೇನೆ, ಇವರು ಈ ಪಿಸ್ತೂಲನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದಳು.

ಗಂಡ ನನ್ನನ್ನು ನೋಡಿದರು. ಅವರ ಹಣೆಯಲ್ಲಿ ಬೆವರು ಒಡೆದಿತ್ತು. ನಾನು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದೆನೋ, ಸುಡುತ್ತಿದ್ದೆನೋ, ಗೊತ್ತಿಲ್ಲ. ಅವರು ಪೆಟ್ಟಿಗೆಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು.

"ಶಿ ಲೈಕ್ಸ್ ಇಟ್," ಎಂದರು. ಸ್ವಲ್ಪ ತಡೆದು, ಮೆಲ್ಲಗೆ, "ಶಿ ಈಸ್ ವೆರಿ ಹ್ಯಾಪಿ ವೆನ್ ಶಿ ಕಮ್ಸ್ ಹೋಮ್. ದಟ್ಸ್ ಆಲ್."

ಕಾನ್ಸ್‌ಟೇಬಲ್ ತಲೆಯಾಡಿಸಿ, ಅದು ಸಾಕು ಎಂದು ಎದ್ದಳು. ಬಾಗಿಲ ತನಕ ಹೋಗಿ ಕಳಿಸಿ ಬಂದೆ. ಸಿಟ್ಟೆಲ್ಲ ಎಲ್ಲಿ ಹೋಗಿತ್ತೋ. ಇಷ್ಟು ವರ್ಷ ನಾನು ಮನೆಗೆ ಬರುವಾಗಿನ ಮುಖವನ್ನು ಈ ಮನುಷ್ಯ ನೋಡುತ್ತಿದ್ದರಲ್ಲ, ಗಮನಿಸಿದ್ದರಲ್ಲ ಅನ್ನಿಸಿತು. ಹೋಗಿ ಅವರ ಪಕ್ಕ ಕೂತೆ.

ಅವರು ಪಂಚೆಯ ಅಂಚಿನಿಂದ ಮುಖ ಒರೆಸಿಕೊಂಡು ಉಸ್ಸೆಂದರು. ನನ್ನ ಕೈ ಹಿಡಿದುಕೊಂಡರು. "ಅಬ್ಬಾ, ನಿನಗೋಸ್ಕರ ಪೊಲೀಸ್ ಎದುರಿಗೇ ಸುಳ್ಳು ಹೇಳಬೇಕಾಯ್ತಲ್ಲೇ" ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ನನಗೆ ಜಗಳವಾಡಲೂ ಆಗಲಿಲ್ಲ.